‘ಎಲ್ಲಾ ಒಣಗಿಲ್ಲ’ ಅಂದರೆ ಎಷ್ಟು? ಲೆಕ್ಕದ ಮಾತು ಸರಿಯಾಗಿ ಬರೆಯೋದು ಹೇಗೆ

“ಎಲ್ಲಾ ಚೀಲ ಒಣಗಿಲ್ಲ ನೋಡಪ್ಪಾ” ಅಂತ ಮಾಮಾ ಫೋನ್ ಮಾಡಿದ್ದರು. ಬ್ಯಾಡಗಿ ಮಾರುಕಟ್ಟೆಗೆ ಹೊರಟಿದ್ದ ಮೆಣಸಿನಕಾಯಿ. ಒಂದೂ ಒಣಗಿಲ್ಲ ಅಂದುಕೊಂಡು ನಾನು ಗಾಡಿಯವನಿಗೆ ಬರಬೇಡ ಅಂದುಬಿಟ್ಟೆ, ಆಮೇಲೆ ಕೇಳಿದರೆ ಹಸಿ ಇದ್ದದ್ದು ಎರಡೇ ಚೀಲ.

ಆ ವಾಕ್ಯಕ್ಕೆ ಎರಡೂ ಅರ್ಥ ಇದೆ. ಹಾಗಾಗಿ ಬರೆಯುವಾಗ ಒಂದನ್ನು ಆರಿಸಿಕೊಳ್ಳಿ. ಪೂರ್ತಿ ಬಾಕಿ ಇದ್ದರೆ ‘ಒಂದು ಚೀಲವೂ ಒಣಗಿಲ್ಲ’ ಅನ್ನಿ. ಸ್ವಲ್ಪ ಬಾಕಿ ಇದ್ದರೆ ‘ಎರಡು ಚೀಲ ಇನ್ನೂ ಹಸಿ ಇವೆ’ ಅಂತ ನೇರವಾಗಿ ಹೇಳಿಬಿಡಿ.

ಕನ್ನಡದಲ್ಲಿ ಈ ಕೆಲಸವನ್ನೆಲ್ಲ ಪದದ ಕೊನೆಯ ಸ್ವರವೇ ಮಾಡುತ್ತದೆ, ನನಗೆ ಬಹಳ ಇಷ್ಟವಾದ ಸಂಗತಿ ಇದು. ‘ಯಾರೋ ಬಂದರು’, ‘ಯಾರೂ ಬರಲಿಲ್ಲ’. ಓ ಬಂದರೆ ಒಬ್ಬರಾದರೂ ಇದ್ದಾರೆ, ಊ ಬಂದರೆ ಇಡೀ ಗುಂಪಿನ ಮಾತು.

ತರ್ಕಶಾಸ್ತ್ರದಲ್ಲಿ ‘ಒಂದಾದರೂ ಇದೆ’ ಅನ್ನೋದಕ್ಕೆ ∃ ಬರೆಯುತ್ತಾರೆ, ಇದನ್ನು 1897ರಲ್ಲಿ ಬಳಕೆಗೆ ತಂದವರು ಇಟಲಿಯ ಗಣಿತಜ್ಞ ಪೆಯಾನೋ. ‘ಎಲ್ಲಕ್ಕೂ’ ಅನ್ನುವ ∀ 1935ರಲ್ಲಿ ಜರ್ಮನಿಯ ಗಣಿತಜ್ಞ ಗೆಂಟ್ಸೆನ್ ಅವರದು. ‘ಎಲ್ಲವೂ ಒಣಗಿವೆ’ ಅನ್ನೋದು ಸುಳ್ಳಾಗೋಕೆ ಒಂದೇ ಒಂದು ಹಸಿ ಚೀಲ ಸಾಕು, ಅಂದರೆ ∀ ಮುಂದೆ ‘ಅಲ್ಲ’ ಹಾಕಿದರೆ ಅದು ‘ಹಾಗಲ್ಲದ್ದು ಒಂದಾದರೂ ಇದೆ’ ಅನ್ನುವ ∃ ಆಗುತ್ತದೆ. ಎರಡೂ ಒಟ್ಟಿಗೆ ಬಂದಾಗ ಯಾವುದು ಮೊದಲು ಅಂತ ನೋಡಿ: ‘ಪ್ರತಿ ಚೀಲಕ್ಕೂ ಒಬ್ಬ ಹಮಾಲ’ ಬೇರೆ, ‘ಎಲ್ಲ ಚೀಲಕ್ಕೂ ಒಬ್ಬನೇ ಹಮಾಲ’ ಬೇರೆ. ಎರಡನೆಯದರಲ್ಲಿ ಪಾಪ ಅವನ ಬೆನ್ನು ಮುರಿಯುತ್ತದೆ.

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಈ ಕೆಲಸಕ್ಕೆ ಆಲ್ (ಪಟ್ಟಿಯಲ್ಲಿ ಎಲ್ಲವೂ ನಿಜವೇ?) ಮತ್ತು ಎನಿ (ಒಂದಾದರೂ ನಿಜವೇ?) ಇವೆ. ಖಾಲಿ ಪಟ್ಟಿ ಕೊಟ್ಟರೆ ಆಲ್ ‘ಟ್ರೂ’ ಅನ್ನುತ್ತದೆ! ಚೀಲವೇ ಇಲ್ಲದ ಮೇಲೆ ಹಸಿ ಚೀಲ ಎಲ್ಲಿ ಸಿಗಬೇಕು, ಅಲ್ವಾ? ಎನಿ ಮಾತ್ರ ‘ಫಾಲ್ಸ್’ ಅನ್ನುತ್ತದೆ. ಆದ್ದರಿಂದ ಆಲ್ ಬಳಸೋ ಮೊದಲು ಪಟ್ಟಿಯಲ್ಲಿ ಏನಾದರೂ ಇದೆಯಾ ಅಂತ ಒಂದು ಸಾಲು ಸೇರಿಸಿ.

ರೆಗೆಕ್ಸ್‌ನಲ್ಲಿ, ಅಂದರೆ ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕೋಕೆ ಬರೆಯುವ ಸಂಕೇತದಲ್ಲಿ, ಅಕ್ಷರದ ನಂತರ * ಬಂದರೆ ಆ ಅಕ್ಷರ ಸೊನ್ನೆ ಅಥವಾ ಜಾಸ್ತಿ ಸಲ, + ಅಂದರೆ ಕನಿಷ್ಠ ಒಂದು ಸಲ, ? ಅಂದರೆ ಇದ್ದರೆ ಒಂದು, ಇಲ್ಲದಿದ್ದರೂ ಸರಿ. ಈ ವಿವರಣೆ ಎಲ್ಲ ಕಡೆ ಸಿಗುತ್ತದೆ. ಕನ್ನಡದಲ್ಲಿ ಹುಡುಕುವವರು ಜಾಸ್ತಿ ಎಡವೋದು ಬೇರೆ ಕಡೆ. ನಮಗೆ ‘ಹಾ’ ಒಂದೇ ಅಕ್ಷರ, ಕಂಪ್ಯೂಟರಿಗೆ ಅದು ‘ಹ’ ಮತ್ತು ದೀರ್ಘದ ಗುರುತು, ಎರಡು. ಹಾ+ ಅಂತ ಬರೆದರೆ + ಆ ದೀರ್ಘಕ್ಕೆ ಮಾತ್ರ ಅಂಟಿಕೊಳ್ಳುತ್ತದೆ, ‘ಹಾಹಾಹಾ’ ಪೂರ್ತಿ ಒಟ್ಟಿಗೆ ಸಿಗೋದಿಲ್ಲ. (ಹಾ)+ ಅಂತ ಆವರಣದಲ್ಲಿ ಹಾಕಿ, ಸಿಗುತ್ತದೆ.