ಗುಂಗುರು ಕೂದಲಿಗೆ ಪುಡಿ ಬೇಡ, ಗೊಂಪು ಬೇಕು

ಗುಂಗುರು ಕೂದಲಿಗೆ ಮನೆಮದ್ದು ಏನೆಂದು ಕೇಳಿದರೆ ಹತ್ತು ಜನ ಹತ್ತು ಪುಡಿ ಹೇಳುತ್ತಾರೆ. ಸೀಗೆಪುಡಿ, ನೆಲ್ಲಿಪುಡಿ, ಮೆಂತೆಪುಡಿ, ಕಡ್ಲೆಹಿಟ್ಟು. ನೇರ ಕೂದಲಿನವರಿಗೆ ಇವು ನಡೆಯುತ್ತವೆ. ಎರಡು ತಂಬಿಗೆ ನೀರು ಹೊಯ್ದರೆ ಪುಡಿ ಜಾರಿ ಕೆಳಗೆ ಇಳಿಯುತ್ತದೆ. ಸುರುಳಿ ಕೂದಲಿನಲ್ಲಿ ಅದು ಇಳಿಯುವುದಿಲ್ಲ. ಒಂದೊಂದು ಸುರುಳಿಯ ಒಳಗೂ ಸಿಕ್ಕಿಕೊಂಡು, ಒಣಗಿದ ಮೇಲೆ ತಲೆಹೊಟ್ಟಿನ ಹಾಗೆ ಉದುರುತ್ತದೆ. ಅದನ್ನು ಬಿಡಿಸಲು ಹೋಗಿ ತಿಕ್ಕಿದರೆ ಕೂದಲೇ ತುಂಡಾಗುತ್ತದೆ. ಹಾಗಾಗಿ ನನ್ನ ಬಚ್ಚಲಿಗೆ ಪುಡಿ ಪುಡಿಯಾಗಿ ಬರುವುದಿಲ್ಲ. ಕಷಾಯವಾಗಿ ಇಲ್ಲವೇ ಗೊಂಪಾಗಿ (ದಾಸವಾಳದ ಎಲೆ ಕಿವುಚಿದಾಗ ಬರುವ ಲೋಳೆ), ಅದೂ ಸೋಸಿಯೇ ಬರಬೇಕು.

ನೆತ್ತಿಯಲ್ಲಿ ಹುಟ್ಟುವ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೆ ತಾನಾಗಿ ಹರಿಯುತ್ತದೆ. ಸುರುಳಿಯಲ್ಲಿ ತಿರುವು ತಿರುವಿಗೂ ನಿಲ್ಲುತ್ತದೆ. ಅದಕ್ಕೇ ಬುಡ ಜಿಡ್ಡು, ತುದಿ ಒಣಕಲು. ಬುಡವನ್ನು ತೊಳೆಯಬೇಕು, ಉದ್ದವನ್ನು ಜಾರುವಂತೆ ಮಾಡಬೇಕು. ಈ ಎರಡು ಕೆಲಸಕ್ಕೆ ಎರಡು ಬೇರೆ ಪದಾರ್ಥ ಬೇಕು, ಒಂದೇ ಪಾತ್ರೆಯಲ್ಲಿ ಎರಡೂ ಆಗುವುದಿಲ್ಲ.

ಮೊದಲು ನೀರಿನ ಮಾತು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಬಾಯಾರು ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದದ್ದು) ನೀರು ಇರುವವರು ಪುಣ್ಯವಂತರು. ಅದು ಮೆದು ನೀರು, ಕೂದಲಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಮಳೆಗಾಲದಲ್ಲಿ ಹಂಚಿನ ಮಾಡಿನ ನೀರೂ ಆಗುತ್ತದೆ, ಮೊದಲ ಮಳೆಯ ಕಸ ಹೋದ ಮೇಲೆ ಹಿಡಿದಿಟ್ಟುಕೊಂಡರೆ. ಕೊಳವೆಬಾವಿಯ ನೀರು ಹಾಗಲ್ಲ. ಸಾಬೂನು ನೊರೆ ಬಾರದೆ ಬಿಳಿ ಕೆನೆ ಕಟ್ಟಿದರೆ ಅದು ಗಡಸು ನೀರು. ನೆಲ್ಲಿಕಾಯಿ ಕಷಾಯಕ್ಕೆ ಹಾಕಿದ ಕೂಡಲೇ ಕಪ್ಪಾದರೆ ಕಬ್ಬಿಣದ ಅಂಶ ಇದೆ ಎಂದು ಲೆಕ್ಕ. ಕಡಲ ಬದಿಯ ಕೆಲವು ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ಉಪ್ಪು ಏರುತ್ತದೆ. ಇಂಥ ನೀರಿನಲ್ಲಿ ಏನು ಹಚ್ಚಿದರೂ ಕೂದಲು ಕಡ್ಡಿಯಾಗುತ್ತದೆ, ಬೈಗುಳ ಮಾತ್ರ ದಾಸವಾಳಕ್ಕೆ ಬೀಳುತ್ತದೆ. ಇಡೀ ಸ್ನಾನಕ್ಕೆ ಆಗದಿದ್ದರೂ ಕೊನೆಯ ಎರಡು ತಂಬಿಗೆಯಾದರೂ ಮೆದು ನೀರು ಇಟ್ಟುಕೊಳ್ಳಬೇಕು. ಅದೂ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಇಲ್ಲವೇ ಅರ್ಧ ಲಿಂಬೆಯ ರಸ ಸೋಸಿ ಹಾಕಿ, ತಲೆಗೆ ಹೊಯ್ದು, ಒಂದು ನಿಮಿಷ ಬಿಟ್ಟು ತೊಳೆಯುವುದು. ಲಿಂಬೆ ರಸ ಹಾಗೇ ಬಿಟ್ಟು ಬಿಸಿಲಿಗೆ ಹೋಗಬಾರದು, ಚರ್ಮ ಸುಟ್ಟ ಹಾಗಾಗುತ್ತದೆ. ಹಂಡೆಯ ಕುದಿಕುದಿ ನೀರೂ ಬೇಡ, ಉಗುರು ಬೆಚ್ಚಗೆ ಸಾಕು.

ಇನ್ನು ಗೊಂಪು. ಕೆಂಪು, ಐದೆಸಳಿನ ಒಂಟಿ ದಾಸವಾಳದ ಬಲಿತ ಎಲೆ ಇಪ್ಪತ್ತೈದು ಮೂವತ್ತು, ಎಂದರೆ ಒತ್ತಿ ಹಿಡಿದರೆ ಎರಡು ಮುಷ್ಟಿ. ತೊಟ್ಟು ತೆಗೆದು ಎರಡು ಸಲ ತೊಳೆದು, 300 ಮಿಲಿ ತಣ್ಣೀರಿನಲ್ಲಿ ಹಾಕಿ ಕೈಯಲ್ಲೇ ಕಿವುಚಬೇಕು. ಮೊದಲ ಎರಡು ನಿಮಿಷ ಬರೀ ಹಸಿರು ನೀರು, ಏನೂ ಆಗುವುದಿಲ್ಲ ಅನಿಸುತ್ತದೆ. ಆಮೇಲೆ ಬೆರಳ ಸಂದಿಯಲ್ಲಿ ಜಾರತೊಡಗುತ್ತದೆ. ಐದಾರು ನಿಮಿಷದಲ್ಲಿ ಕೈ ಎತ್ತಿದರೆ ಲೋಳೆ ಹಸ್ತದಿಂದ ಪಾತ್ರೆಯವರೆಗೆ ಒಂದೇ ಎಳೆಯಾಗಿ ಇಳಿಯುತ್ತದೆ. ಅದೇ ಹದ. ಎಳೆ ಮಧ್ಯದಲ್ಲಿ ತುಂಡಾದರೆ ಇನ್ನೂ ಹಿಂಡಲಿಕ್ಕಿದೆ, ಇಲ್ಲವೇ ನೀರು ಜಾಸ್ತಿಯಾಗಿದೆ. ಬಿಸಿ ನೀರು ಹಾಕಿದರೆ ಎಲೆ ಬಾಡಿ ಬೆಂದ ಸೊಪ್ಪಿನ ವಾಸನೆ ಬರುತ್ತದೆ. ಮಿಕ್ಸಿಗೆ ಹಾಕಿದರೆ ಎಲೆಯ ನಾರು ನುಣ್ಣಗೆ ಪುಡಿಯಾಗಿ ಸೋಸಿದರೂ ಉಳಿಯುತ್ತದೆ, ಮತ್ತೆ ಪುಡಿಯ ಕಥೆಯೇ. ಸೋಸುವಾಗ ನೇರ ಬಟ್ಟೆಗೆ ಹೊಯ್ದರೆ ಲೋಳೆ ಕಟ್ಟಿ ನಿಲ್ಲುತ್ತದೆ. ಮೊದಲು ದೊಡ್ಡ ಕಣ್ಣಿನ ಜರಡಿಯಲ್ಲಿ ಎಲೆ ತೆಗೆದು, ಅನಂತರ ಹಳೆಯ ಪಂಚೆಯ ತುಂಡಿನಲ್ಲಿ ಹಾಲು ಕರೆಯುವ ಹಾಗೆ ಎಳೆದು ಹಿಂಡಬೇಕು.

ನೀರಿನ ಬದಲು ತಣಿದ ಗಂಜಿತೆಳಿಯಲ್ಲಿ ಕಿವುಚುವವರು ನಮ್ಮಲ್ಲಿ ಬಹಳ. ಕುಚ್ಚಲಕ್ಕಿಯ ತೆಳಿ, ಎಂದರೆ ಅನ್ನ ಬಸಿದ ನೀರು, ಉಪ್ಪು ಹಾಕದ್ದು. ಜಾರುವ ಗುಣ ನಿಜವಾಗಿಯೂ ಹೆಚ್ಚುತ್ತದೆ. ಆದರೆ ತೆಳಿ ಹಿಟ್ಟಿನ ಅಂಶದ್ದು. ದಪ್ಪ ತೆಳಿ ಪ್ರತಿ ಸಲವೂ ಬಳಸಿದರೆ ಇಸ್ತ್ರಿಗೆ ಗಂಜಿ ಹಾಕಿದ ಬಟ್ಟೆಯ ಹಾಗೆ ಕೂದಲು ಬಿರುಸಾಗುತ್ತದೆ. ಒಂದು ಪಾಲು ತೆಳಿಗೆ ಎರಡು ಪಾಲು ನೀರು, ತಿಂಗಳಿಗೆ ಎರಡು ಸಲ, ಅಷ್ಟೇ ನನ್ನ ಲೆಕ್ಕ. ತೆಳ್ಳಗಿನ ಜೋಲು ಕೂದಲಿನವರಿಗೆ ಅದರಿಂದ ಸುರುಳಿ ಚೆನ್ನಾಗಿ ನಿಲ್ಲುತ್ತದೆ. ಮೊದಲೇ ಗಡಸಾದ ದಪ್ಪ ಕೂದಲಿನವರಿಗೆ ಬೇಡ.

ಎಲೆ ಎಲ್ಲಿಂದ ಕೊಯ್ಯುತ್ತೀರಿ ಎಂಬುದೂ ಮುಖ್ಯ. ಅಡಕೆ ತೋಟದ ಬದಿಯ ದಾಸವಾಳದ ಮೇಲೆ ಮಳೆಗಾಲದಲ್ಲಿ ಮದ್ದು ಬಿಡುವಾಗ ಮೈಲುತುತ್ತು, ಸುಣ್ಣ ಹಾರಿ ಬಿದ್ದಿರುತ್ತದೆ. ಎಲೆಯ ಮೇಲೆ ತಿಳಿನೀಲಿ ಕಲೆ ಕಂಡರೆ ಆ ಗಿಡವನ್ನು ಬಿಟ್ಟುಬಿಡಿ. ಮೈಲುತುತ್ತು, ಸುಣ್ಣ ಕಲಸಿದ ಆ ಬೋರ್ಡೋ ದ್ರಾವಣ ಎಲೆಗೆ ಅಂಟಿ ಕೂರಲೆಂದೇ ಮಾಡಿದ್ದು, ಎರಡು ಸಲ ತೊಳೆದರೆ ಹೋಗುವುದಲ್ಲ. ಅಂಗಳದ ಒಳಬದಿಯ ಗಿಡ ಒಂದನ್ನು ಇದಕ್ಕೇ ಎಂದು ಇಟ್ಟುಕೊಳ್ಳುವುದು ಕ್ಷೇಮ. ಹೂವೂ ಗೊಂಪು ಕೊಡುತ್ತದೆ, ಆದರೆ ನೇರಳೆ ಬಣ್ಣ ಬಿಳಿ ಬೈರಾಸಿಗೆ (ಮೈ ಒರೆಸುವ ತೆಳು ಬಟ್ಟೆ) ಹಿಡಿಯುತ್ತದೆ.

ತೊಳೆಯಲು ಸೀಗೆ ಮತ್ತು ಅಂಟುವಾಳ. ಅಂಟುವಾಳ ನೊರೆ ಕೊಡುತ್ತದೆ, ಜೊತೆಗೆ ಒಣಗಿಸುತ್ತದೆ. ಸೀಗೆ ಸೌಮ್ಯ. ಅದಕ್ಕೆ ಗುಂಗುರು ಕೂದಲಿಗೆ ಸೀಗೆ ಹೆಚ್ಚು, ಅಂಟುವಾಳ ಕಡಿಮೆ. ಸೀಗೆಕಾಯಿ 20 ಗ್ರಾಂ, ಬೀಜ ತೆಗೆದ ಅಂಟುವಾಳ ನಾಲ್ಕು, ಮೆಂತೆ ಒಂದು ಚಮಚ, ನೀರು 500 ಮಿಲಿ. ರಾತ್ರಿ ನೆನೆಹಾಕಿ ಬೆಳಿಗ್ಗೆ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸಿ, ತಣಿದ ಮೇಲೆ ಹಿಂಡಿ ಎರಡು ಸಲ ಸೋಸುವುದು. ಪಾತ್ರೆ ಸ್ಟೀಲಿನದ್ದಾಗಿರಲಿ, ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಪ್ಪು ಮಸಿಯ ಹಾಗಾಗುತ್ತದೆ. ಈ ಕಷಾಯ ನೆತ್ತಿಗೆ ಮಾತ್ರ, ಬೆರಳ ತುದಿಯಲ್ಲಿ ತಿಕ್ಕಿ. ಉದ್ದದ ಕೂದಲಿಗೆ ಹರಿದು ಇಳಿಯುವಷ್ಟೇ ಸಾಕು. ಶಾಂಪೂವಿನ ನೊರೆ ನಿರೀಕ್ಷಿಸಿ ಅಂಟುವಾಳ ಏರಿಸುತ್ತಾ ಹೋಗುವುದು ಎಲ್ಲರೂ ಮಾಡುವ ಕೆಲಸ, ತುದಿ ಸೀಳುವುದು ಅಲ್ಲಿಂದಲೇ. ಕಣ್ಣಿಗೆ ಹೋದರೆ ಬಲವಾಗಿ ಉರಿಯುತ್ತದೆ, ತಲೆ ಹಿಂದಕ್ಕೆ ಬಾಗಿಸಿ ಹೊಯ್ಯಿರಿ.

ಎಣ್ಣೆ ಹಚ್ಚುವುದು ತಲೆ ತೊಳೆಯುವುದಕ್ಕೆ ಮೊದಲು. ತೆಂಗಿನೆಣ್ಣೆಯ ಲಾರಿಕ್ ಆಮ್ಲ ಕೂದಲಿನ ಒಳಗೆ ಇಳಿಯಬಲ್ಲದು. 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧಕರ ಅಧ್ಯಯನವೊಂದರಲ್ಲಿ ಖನಿಜ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳ ಜೊತೆ ಹೋಲಿಸಿ ನೋಡಿದಾಗ, ಕೂದಲಿನ ಪ್ರೋಟೀನು ನಷ್ಟವನ್ನು ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ನೀರು ಕುಡಿದು ಉಬ್ಬಿ, ಒಣಗಿ ಕುಗ್ಗಿ ಹಾಳಾಗುವ ಗುಂಗುರು ಕೂದಲಿಗೆ ಇದು ದೊಡ್ಡ ವಿಷಯ. ಭುಜದವರೆಗಿನ ಕೂದಲಿಗೆ ಎರಡು ಚಿಕ್ಕ ಚಮಚ, ತುದಿಯಿಂದ ಮೇಲಕ್ಕೆ ಹಚ್ಚಿ ಒಂದೆರಡು ಗಂಟೆ ಬಿಟ್ಟರೆ ಸಾಕು. ತಲೆಯಿಂದ ಸೋರುವಷ್ಟು ಸುರಿದರೆ ಅದನ್ನು ತೆಗೆಯಲು ಅಂಟುವಾಳ ಜಾಸ್ತಿ ಬೇಕಾಗುತ್ತದೆ, ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಕೆಲವರ ಕೂದಲು ತೆಂಗಿನೆಣ್ಣೆಗೆ ಕಡ್ಡಿಯಾಗುವುದೂ ಉಂಟು. ಅವರು ಎಳ್ಳೆಣ್ಣೆ ನೋಡಬಹುದು.

ಕಾಸಿದ ಎಣ್ಣೆ ಬೇಕೆಂದವರಿಗೆ: 500 ಮಿಲಿ ತೆಂಗಿನೆಣ್ಣೆಗೆ ಗರುಗದ (ಭೃಂಗರಾಜ) ಸೊಪ್ಪಿನ ರಸ 250 ಮಿಲಿ, ಒಂದು ಹಿಡಿ ಬೇವಿನ ಸೊಪ್ಪು (ಒಗ್ಗರಣೆಯದ್ದು, ಕಹಿಬೇವಲ್ಲ). ದಪ್ಪ ತಳದ ಉರುಳಿಯಲ್ಲಿ, ಅರ್ಧಕ್ಕಿಂತ ಮೇಲೆ ತುಂಬದಂತೆ, ಸಣ್ಣ ಉರಿಯಲ್ಲಿ ಇಡಬೇಕು. ಮೊದಲು ಜೋರಾಗಿ ನೊರೆಯುತ್ತದೆ. ಚಟಪಟ ಸದ್ದು ಇಳಿಯುತ್ತಾ ಬಂದ ಹಾಗೆ ತಳದ ಗಸಿಯನ್ನು ಸ್ವಲ್ಪ ತೆಗೆದು ಬೆರಳಲ್ಲಿ ಹೊಸೆದು ನೋಡಿ. ಬತ್ತಿಯ ಹಾಗೆ ಬರಬೇಕು, ಆ ಬತ್ತಿಯನ್ನು ದೀಪಕ್ಕೆ ಹಿಡಿದರೆ ಚಿಟಿಚಿಟಿ ಎನ್ನದೆ ಉರಿಯಬೇಕು. ಸದ್ದು ಬಂದರೆ ನೀರು ಉಳಿದಿದೆ, ಆ ಎಣ್ಣೆ ಕೆಲವೇ ವಾರದಲ್ಲಿ ಕಮಟು ವಾಸನೆ ಹಿಡಿಯುತ್ತದೆ. ಗಸಿ ಮರಳಿನ ಹಾಗೆ ಪುಡಿಪುಡಿಯಾಗಿ ಕಪ್ಪಾದರೆ ಕರಟಿತು. ಹದ ಬಂದ ಕೂಡಲೇ ಇಳಿಸಿ ಸೋಸಬೇಕು, ಇಲ್ಲದಿದ್ದರೆ ಉರುಳಿಯ ಬಿಸಿಗೇ ಅದು ಮುಂದುವರಿದು ಕರಟುತ್ತದೆ. ಇದರಿಂದ ಕೂದಲು ಮೊಣಕಾಲಿಗೆ ಬರುತ್ತದೆ ಎಂಬ ಮಾತನ್ನು ನಾನು ಹೇಳುವುದಿಲ್ಲ. ಪರಿಮಳ ಚೆನ್ನ, ತಲೆಗೆ ಹಿತ.

ಇಷ್ಟೂ ಕೈಗೆ ಬಂದ ಮೇಲೆ ಸ್ನಾನ ಹೀಗೆ. ಎಣ್ಣೆ ಹಚ್ಚಿದ ಕೂದಲನ್ನು ನಾಲ್ಕು ಪಾಲು ಮಾಡಿ ಬೆರಳಲ್ಲೇ ದೊಡ್ಡ ಸಿಕ್ಕು ಬಿಡಿಸುವುದು. ನೆತ್ತಿಗೆ ಕಷಾಯ ಹಾಕಿ ತೊಳೆಯುವುದು. ನೀರು ಸೋರುತ್ತಿರುವಾಗಲೇ ಪಾಲು ಪಾಲಿಗೆ ಗೊಂಪು ಹಾಕಿ, ಅಗಲ ಹಲ್ಲಿನ ಮರದ ಬಾಚಣಿಗೆಯನ್ನು ತುದಿಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ತರುವುದು. ವಾರದಲ್ಲಿ ಬಾಚಣಿಗೆ ತಾಗುವುದು ಈ ಒಂದೇ ಸಲ. ಒಣ ಗುಂಗುರು ಕೂದಲು ಬಾಚಿದರೆ ಸುರುಳಿ ಒಡೆದು ಪೊದೆಯಾಗುತ್ತದೆ. ಬಾಚಣಿಗೆ ನಿಂತಲ್ಲಿ ಎಳೆಯಬೇಡಿ, ಇನ್ನೊಂದು ಬೊಗಸೆ ಗೊಂಪು ಹಾಕಿ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಪೂರ್ತಿ ಜಾರು ಹೋಗುವವರೆಗೆ ತೊಳೆಯುವುದು ಬೇಡ, ಕೈಗೆ ಚೂರು ಜಾರಿದರೆ ಒಳ್ಳೆಯದೇ.

ಸುರುಳಿ ನಿಲ್ಲಿಸಲು ಅಗಸೆ ಬೀಜದ ಜೆಲ್. ಬೀಜ ನಮ್ಮ ಕಡೆ ಬೆಳೆಯುವುದಲ್ಲ, ಪೇಟೆಯಲ್ಲಿ ಸಿಗುತ್ತದೆ. 40 ಗ್ರಾಂ ಬೀಜ, 500 ಮಿಲಿ ನೀರು, ಮಧ್ಯಮ ಉರಿ, ಕೈಬಿಡದೆ ತಿರುವುವುದು. ಏಳೆಂಟು ನಿಮಿಷಕ್ಕೆ ಬಿಳಿ ನೊರೆ ಬಂದು ಸೌಟಿನಿಂದ ಮೊಟ್ಟೆಯ ಬಿಳಿಯ ಹಾಗೆ ಜೋತು ಇಳಿಯುವಾಗ ಒಲೆ ಆರಿಸಿ, ಬಿಸಿ ಇರುವಾಗಲೇ ಸೋಸಿಬಿಡಬೇಕು. ಆರಿದ ಮೇಲೆ ಸೋಸುತ್ತೇನೆಂದರೆ ಬೀಜವೂ ಲೋಳೆಯೂ ಒಂದೇ ಗಟ್ಟಿಯಾಗಿ ಕೂರುತ್ತದೆ. ಹಾಗಾದರೆ ನೀರು ಸೇರಿಸಿ ಮತ್ತೆ ಬಿಸಿ ಮಾಡಿ. ಒಮ್ಮೆ ಸೋಸಿದ ಬೀಜಕ್ಕೆ 300 ಮಿಲಿ ನೀರು ಹಾಕಿ ಇನ್ನೊಮ್ಮೆ ಕುದಿಸಿದರೆ ತೆಳು ಜೆಲ್ ಬರುತ್ತದೆ, ಮಕ್ಕಳ ತಲೆಗೆ ಅದೇ ಸಾಕು.

ಭುಜದವರೆಗಿನ ಕೂದಲಿಗೆ ಸುಮಾರು 60 ಮಿಲಿ. ಕೂದಲು ಸೋರುವಷ್ಟು ಒದ್ದೆ ಇರುವಾಗ ಎರಡೂ ಅಂಗೈ ನಡುವೆ ಹಿಡಿದು ಮೇಲಿನಿಂದ ಕೆಳಗೆ ಸವರಿ, ಆಮೇಲೆ ತಲೆ ಬಗ್ಗಿಸಿ ತುದಿಯನ್ನು ಅಂಗೈಯಲ್ಲಿ ಹಿಡಿದು ಬುಡದ ಕಡೆಗೆ ಒತ್ತಬೇಕು. ಪಚಕ್ ಪಚಕ್ ಸದ್ದು ಬಂದರೆ ನೀರು ಸಾಕಷ್ಟಿದೆ. ಸದ್ದಿಲ್ಲದಿದ್ದರೆ ಕೈ ಒದ್ದೆ ಮಾಡಿಕೊಳ್ಳಿ. ಟರ್ಕಿ ಟವೆಲಿನಿಂದ ಉಜ್ಜಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗೆ. ಹಳೆಯ ತೆಳು ಬೈರಾಸಿನಲ್ಲಿ ಒತ್ತಿ ನೀರು ಹೀರಿಸಿ, ಮತ್ತೆ ಮುಟ್ಟಬಾರದು. ಒಣಗಿದಾಗ ಕೂದಲು ಗರಿಗರಿ ಆಗಿರುತ್ತದೆ. ಹೆದರುವುದು ಬೇಡ, ಅಂಗೈಗೆ ಎರಡು ಹನಿ ಎಣ್ಣೆ ಸವರಿ ಹಿಸುಕಿದರೆ ಆ ಗರಿ ಒಡೆದು ಸುರುಳಿ ಮೆದುವಾಗಿ ಉಳಿಯುತ್ತದೆ. ಅರ್ಧ ಒಣಗಿದಾಗ ಕೈ ಹಾಕಿದರೆ ಮಾತ್ರ ಎಳೆ ಎಳೆ ಎದ್ದು ನಿಲ್ಲುತ್ತದೆ.

ಬಿಳಿ ಹೊಟ್ಟು ಉದುರಿತು ಎಂಬ ದೂರು ಹೆಚ್ಚು. ಅದು ಬಹುತೇಕ ಜೆಲ್ ಮತ್ತು ಅದರಡಿಯ ಇನ್ನೊಂದು ಪದಾರ್ಥದ ಜಗಳ. ಅಂಗೈಯಲ್ಲಿ ಒಂದು ಹನಿ ಗೊಂಪು, ಒಂದು ಹನಿ ಜೆಲ್ ಕಲಸಿ ನೋಡಿ. ನುಣ್ಣಗೆ ಬೆರೆತರೆ ಸರಿ, ಮೊಸರೊಡೆದ ಹಾಗೆ ಚೂರು ಚೂರಾದರೆ ತಲೆಯಲ್ಲೂ ಅದೇ ಆಗುತ್ತದೆ. ಗಂಜಿತೆಳಿ ಹಾಕಿದ ದಿನ ಜೆಲ್ ಹಾಕದಿದ್ದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಲೋಳೆಸರ ಹಾಕುವವರು ಕೊಯ್ದ ಎಲೆಯನ್ನು ಇಪ್ಪತ್ತು ನಿಮಿಷ ನೆಟ್ಟಗೆ ನಿಲ್ಲಿಸಿ ಹಳದಿ ರಸ ಇಳಿಸಬೇಕು, ತುರಿಸುವುದು ಆ ರಸ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಜೆಲ್ಲಿಗೆ ಗ್ಲಿಸರಿನ್, ಜೇನು ಬೇಡವೇ ಬೇಡ. ನಮ್ಮ ಕರಾವಳಿಯ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ಕೂದಲು ಉಬ್ಬಿ ಅಂಟಂಟಾಗುತ್ತದೆ. ಆ ತಿಂಗಳುಗಳಲ್ಲಿ ಜೆಲ್ಲನ್ನು ಒಂದೆರಡು ನಿಮಿಷ ಹೆಚ್ಚು ಕುದಿಸಿ ದಪ್ಪ ಮಾಡಿ, ಬೆಳಿಗ್ಗೆಯೇ ಮಿಂದು ಫ್ಯಾನಿನಡಿ ಬುಡದವರೆಗೆ ಒಣಗಿಸಿ. ಒದ್ದೆ ಜಡೆ ಕಟ್ಟಿದರೆ ಮುಗ್ಗಲು ವಾಸನೆ, ತುರಿಕೆ ಖಂಡಿತ.

ಮದರಂಗಿಯ ಬಗ್ಗೆ ಒಂದೇ ಮಾತು: ಅದು ಹಲವರ ಸುರುಳಿಯನ್ನು ಸಡಿಲ ಮಾಡುತ್ತದೆ, ನರೆ ಮುಚ್ಚಬೇಕಾದವರು ತಿಳಿದೇ ಹಾಕಿಕೊಳ್ಳಲಿ. ಹತ್ತೇ ನಿಮಿಷದಲ್ಲಿ ಕಪ್ಪು ಮಾಡುವ ‘ಕಪ್ಪು ಮದರಂಗಿ’ಯಲ್ಲಿ ಪಿಪಿಡಿ ಎಂಬ ರಾಸಾಯನಿಕ ಬಣ್ಣ ಇರಬಹುದು, ಕೆಲವರಿಗೆ ಮುಖ ಬಾತು ಗುಳ್ಳೆ ಏಳುತ್ತದೆ. ಸೊಪ್ಪು, ಕಾಯಿ, ಬೀಜ ಎಂದು ಅಸಡ್ಡೆ ಮಾಡದೆ ಯಾವುದನ್ನೇ ಆದರೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ.

ಇವು ಯಾವುದರಲ್ಲೂ ಕೆಡದ ಹಾಗೆ ಇಡುವ ಪದಾರ್ಥ ಇಲ್ಲ. ವಿಟಮಿನ್ ಇ ಗುಳಿಗೆ ಒಡೆದು ಹಾಕಿದರೆ ಎಣ್ಣೆ ಕಮಟಾಗುವುದು ತಡವಾಗಬಹುದು, ನೀರಿನ ಪದಾರ್ಥಕ್ಕೆ ಬೂಸ್ಟು ಹಿಡಿಯುವುದನ್ನು ಅದು ತಡೆಯುವುದಿಲ್ಲ. ಗೊಂಪು ಅಂದಂದಿಗೆ. ಕಷಾಯ ಫ್ರಿಜ್ಜಿನಲ್ಲಿ ಎರಡು ದಿನ. ಅಗಸೆ ಜೆಲ್ ಒಂದು ವಾರ; ಹುಳಿ ವಾಸನೆ ಬಂದರೆ ಅಥವಾ ದಪ್ಪವಿದ್ದದ್ದು ನೀರಾದರೆ ತೆಂಗಿನ ಬುಡಕ್ಕೆ ಚೆಲ್ಲಿ. ಹೆಚ್ಚು ಮಾಡಿದ್ದರೆ ಐಸ್ ಟ್ರೇಯಲ್ಲಿ ಹಾಕಿ ಗಟ್ಟಿ ಮಾಡಿಟ್ಟು, ಮೀಯುವ ಹಿಂದಿನ ರಾತ್ರಿ ಮೂರು ನಾಲ್ಕು ತುಂಡು ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಇಟ್ಟರೆ ಬೆಳಿಗ್ಗೆಗೆ ಹದವಾಗಿರುತ್ತದೆ.