ಎಂಬಿಎ, ಬಿಬಿಎಗೆ ಸೇರುವ ಮೊದ್ಲು ಅಕ್ರೆಡಿಟೇಶನ್ ನೋಡುದು ಹೇಗೆ

ಡಿಗ್ರಿ ಮುಗ್ಸಿ ಎಂಬಿಎಗೆ ಹೊರಟ ನಮ್ಮ ಕಾಸರಗೋಡು, ಮಂಜೇಶ್ವರ, ಬದಿಯಡ್ಕ ಕಡೆಯ ಮಕ್ಳು ಹೆಚ್ಚಾಗಿ ಮಂಗ್ಳೂರಿನ ಕಾಲೇಜು ನೋಡ್ತಾರೆ, ಇಲ್ಲದಿದ್ರೆ ಬೆಂಗ್ಳೂರು, ಇನ್ನು ಕೆಲವರು ಕಣ್ಣೂರು, ಕೋಝಿಕ್ಕೋಡ್ ಕಡೆ ಹೋಗ್ತಾರೆ. ಎಲ್ಲಿಗೆ ಹೋದ್ರೂ ಬ್ರೋಷರಲ್ಲಿ ಅಪ್ರೂವ್ಡ್, ಅಫಿಲಿಯೇಟೆಡ್, ಅಕ್ರೆಡಿಟೆಡ್ ಅಂತ ಮೂರೂ ಒಟ್ಟಿಗೆ ಬರ್ದಿರ್ತದೆ, ಮನೆಯವರು ಅದನ್ನು ನೋಡಿ ಎಲ್ಲ ಸರಿ ಉಂಟು ಅಂತ ಫೀಸ್ ಕಟ್ಟಿ ಬಿಡ್ತಾರೆ.

ಮೂರೂ ಬೇರೆ ಬೇರೆ ಮಾರಾಯ್ರೆ. ಎಐಸಿಟಿಇ ಅಂದ್ರೆ ಇಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕೋರ್ಸುಗಳನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ, ಅದರ ಅಪ್ರೂವಲ್ ಅಂದ್ರೆ ಕೋರ್ಸ್ ನಡೆಸ್ಲಿಕ್ಕೆ ಸಿಕ್ಕಿದ ಅನುಮತಿ. ಅಫಿಲಿಯೇಶನ್ ಅಂದ್ರೆ ಡಿಗ್ರಿ ಯಾವ ಯೂನಿವರ್ಸಿಟಿಯದ್ದು ಅಂತ. ಹೊರಗಿನ ತಜ್ಞರು ಬಂದು ಗುಣಮಟ್ಟ ನೋಡಿ ಕೊಡುದು ಅಕ್ರೆಡಿಟೇಶನ್ ಮಾತ್ರ. ಅದ್ರಲ್ಲೂ ನ್ಯಾಕ್, ಎನ್‌ಬಿಎ ಅಂತ ಎರಡುಂಟು, ಎರಡೂ 1994ರಲ್ಲಿ ಶುರು ಆದದ್ದು. ನ್ಯಾಕ್ ಇಡೀ ಕಾಲೇಜಿಗೆ ಗ್ರೇಡ್ ಕೊಡ್ತದೆ, ಎನ್‌ಬಿಎ ಒಂದೊಂದು ಕೋರ್ಸನ್ನೇ ಬೇರೆ ಬೇರೆ ಪರೀಕ್ಷೆ ಮಾಡ್ತದೆ. ಹಾಗಾಗಿ ನ್ಯಾಕ್ ಎ ಪ್ಲಸ್ ಸಿಕ್ಕಿದ ಕಾಲೇಜಲ್ಲೂ ಎಂಬಿಎ ಡಿಪಾರ್ಟ್‌ಮೆಂಟ್ ಸೊರಗಿರಬಹುದು, ಆ ಗ್ರೇಡ್ ಬಂದದ್ದು ಸೈನ್ಸ್‌ನವರ ದುಡಿಮೆಯಿಂದ ಆಗಿರಬಹುದು.

ಚೆಕ್ ಮಾಡುದು ಕಷ್ಟ ಇಲ್ಲ. ಎನ್‌ಬಿಎ ವೆಬ್‌ಸೈಟಲ್ಲಿ ಅಕ್ರೆಡಿಟೇಶನ್ ಸಿಕ್ಕಿದ ಕೋರ್ಸುಗಳ ಪಟ್ಟಿ ಉಂಟು, ಅದ್ರಲ್ಲಿ ಕಾಲೇಜಿನ ಹೆಸ್ರು ಹುಡುಕಿ. ಹೆಸ್ರು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸ್ಬೇಡಿ, ಯಾವ ಕೋರ್ಸಿಗೆ, ಯಾವ ತಾರೀಕಿನವರೆಗೆ ಅಂತ ನೋಡ್ಬೇಕು, ಯಾಕಂದ್ರೆ ಇಂಜಿನಿಯರಿಂಗ್ ಕಾಲೇಜಿನ ಗೇಟಲ್ಲಿ ಎನ್‌ಬಿಎ ಅಂತ ದೊಡ್ಡ ಬೋರ್ಡ್ ಇರ್ತದೆ, ಒಳಗೆ ನೋಡಿದ್ರೆ ಅದು ಮೆಕ್ಯಾನಿಕಲ್‌ಗೆ ಸಿಕ್ಕಿದ್ದು, ಅದೇ ಕ್ಯಾಂಪಸ್ಸಿನ ಎಂಬಿಎಗೆ ಏನೂ ಇರೂದಿಲ್ಲ. ಅರ್ಜಿ ಹಾಕಿದ್ದೇವೆ ಅಂತ ಹೇಳಿದ್ರೆ ಇನ್ನೂ ಸಿಕ್ಕಿಲ್ಲ ಅಂತಲೇ ಅರ್ಥ.

ಎನ್‌ಬಿಎ ಇಲ್ಲ ಅಂದ ಕೂಡ್ಲೇ ಕೋರ್ಸ್ ಸರಿ ಇಲ್ಲ ಅಂತಲೂ ತೀರ್ಮಾನ ಮಾಡ್ಬೇಡಿ. ಕನಿಷ್ಠ ಎರಡು ಬ್ಯಾಚ್ ಪಾಸಾಗಿ ಹೊರಗೆ ಹೋಗದೆ ಅದಕ್ಕೆ ಅರ್ಜಿ ಹಾಕ್ಲಿಕ್ಕೇ ಆಗುದಿಲ್ಲ. ಬಿಬಿಎಗೆ ಎನ್‌ಬಿಎ ಕಾಣದಿದ್ರೂ ಆಶ್ಚರ್ಯ ಇಲ್ಲ, ಅದು ಎಐಸಿಟಿಇ ಅಡಿಗೆ ಬಂದದ್ದೇ 2024-25ರಿಂದ. ಬಿಕಾಂ ಅಂತೂ ಅದರ ಅಡಿಗೆ ಬರೂದೇ ಇಲ್ಲ, ಅಲ್ಲಿ ನ್ಯಾಕ್ ಗ್ರೇಡ್, ಯೂನಿವರ್ಸಿಟಿ, ಪಾಠ ಮಾಡುವವರು ಇಷ್ಟನ್ನು ನೋಡಿ.

ಇಂಟರ್‌ನ್ಯಾಷನಲ್ ಅಕ್ರೆಡಿಟೇಶನ್ ಅಂತ ಹೇಳಿದ್ರೆ ಇನ್ನೂ ಸ್ವಲ್ಪ ಜಾಗ್ರತೆ. ಬಿಸಿನೆಸ್ ಕೋರ್ಸಿನ ಲೋಕದಲ್ಲಿ ತೂಕ ಇರುದು ಮುಖ್ಯವಾಗಿ ಮೂರಕ್ಕೆ: 1916ರಲ್ಲಿ ಶುರು ಆದ ಅಮೆರಿಕದ ಎಎಸಿಎಸ್‌ಬಿ, ಯುರೋಪಿನ ಇಕ್ವಿಸ್, ಲಂಡನ್ನಿನ ಆಂಬಾ. ನಮಗೆ ಹತ್ತಿರದಲ್ಲಿ ಮಣಿಪಾಲದ ಬಿಸಿನೆಸ್ ಸ್ಕೂಲ್ ಟ್ಯಾಪ್ಮಿಗೆ ಎಎಸಿಎಸ್‌ಬಿ ಉಂಟು, ಐಐಎಂ ಕಲ್ಕತ್ತಾ ಮೂರೂ ಪಡೆದದ್ದು. ಆದ್ರೆ ಎಎಸಿಎಸ್‌ಬಿ ಮೆಂಬರ್ ಆಗುದು ಬೇರೆ, ಅಕ್ರೆಡಿಟೇಶನ್ ಪಡೆಯುದು ಬೇರೆ. ದುಡ್ಡು ಕಟ್ಟಿ ಮೆಂಬರ್ ಆದವರೂ ಲೋಗೋ ತೋರಿಸಿ ಮಾತಾಡ್ತಾರೆ, ಮೆಂಬರಾ ಅಕ್ರೆಡಿಟೆಡ್ಡಾ ಅಂತ ನೇರ ಕೇಳಿ ಬಿಡಿ. ಐಎಸ್ಒ ಸರ್ಟಿಫಿಕೇಟ್ ಕೂಡ ಕೋರ್ಸಿನ ಅಕ್ರೆಡಿಟೇಶನ್ ಅಲ್ಲ.

ನನ್ನ ಪ್ರಕಾರ ಅಕ್ರೆಡಿಟೇಶನ್‌ನಿಂದ ನಿಜವಾದ ಲಾಭ ಸರ್ಟಿಫಿಕೇಟಿಗಿಂತ ಹೆಚ್ಚು ಅದಕ್ಕಾಗಿ ಕಾಲೇಜು ಬರೆದು ಕೊಟ್ಟ ರಿಪೋರ್ಟಲ್ಲಿ ಉಂಟು. ನ್ಯಾಕ್‌ನ ಸೆಲ್ಫ್ ಸ್ಟಡಿ ರಿಪೋರ್ಟ್ ಸಾಮಾನ್ಯವಾಗಿ ಕಾಲೇಜಿನ ವೆಬ್‌ಸೈಟಲ್ಲೇ ಸಿಗ್ತದೆ, ಎನ್‌ಬಿಎಗೆ ಕೊಟ್ಟ ಸೆಲ್ಫ್ ಅಸೆಸ್‌ಮೆಂಟ್ ರಿಪೋರ್ಟನ್ನೂ ಕೆಲವರು ಹಾಕಿರ್ತಾರೆ. ಎಷ್ಟು ಜನ ಅಧ್ಯಾಪಕರು, ಅದ್ರಲ್ಲಿ ಪಿಎಚ್‌ಡಿ ಆದವರೆಷ್ಟು, ಎಷ್ಟು ಮಕ್ಳು ಸೇರಿ ಎಷ್ಟು ಪಾಸಾದ್ರು, ಎಷ್ಟು ಜನಕ್ಕೆ ಕೆಲ್ಸ ಆಯ್ತು ಅಂತ ವರ್ಷವಾರು ಲೆಕ್ಕ ಅದ್ರಲ್ಲಿರ್ತದೆ. ಬ್ರೋಷರಿನ ಪ್ಲೇಸ್‌ಮೆಂಟ್ ಲೆಕ್ಕವನ್ನು ಪಕ್ಕದಲ್ಲಿಟ್ಟು ಓದಿ, ಎರಡೂ ತಾಳೆ ಆಗದಿದ್ರೆ ಅಲ್ಲೇ ಕೇಳಿ. ರಿಪೋರ್ಟಲ್ಲಿ ಹೆಸ್ರಿದ್ದ ಅಧ್ಯಾಪಕರು ಈಗ್ಲೂ ಅಲ್ಲೇ ಇದ್ದಾರಾ ಅಂತ ಕ್ಲಾಸ್ ಇರುವ ದಿವ್ಸ ಹೋಗಿ ಸೀನಿಯರ್‌ಗಳ ಹತ್ರ ವಿಚಾರಿಸಿ.

ಗಲ್ಫಿಗೆ ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಅಲ್ಲಿಗೆ ಬೇಕಾದ ಅಟೆಸ್ಟೇಶನ್‌ನಲ್ಲಿ ನೋಡುದು ಡಿಗ್ರಿ ಅಸಲಿಯಾ ಅಂತ, ಎನ್‌ಬಿಎ ಇರುವ ಕೋರ್ಸಾ ಅಂತ ಅಲ್ಲ. ಎನ್‌ಬಿಎ ಇಲ್ಲದಿದ್ರೆ ಅಟೆಸ್ಟೇಶನ್ ಆಗುದಿಲ್ಲ ಅಂತ ಏಜೆಂಟ್ ಹೆದರಿಸಿದ್ರೆ ನಂಬ್ಬೇಡಿ.

ಇನ್ನು ನಿಮ್ಮ ಎರಡು ವರ್ಷದ ಮಧ್ಯದಲ್ಲೇ ಅಕ್ರೆಡಿಟೇಶನ್ ಅವಧಿ ಮುಗಿಯುದಾದ್ರೆ ರಿನೀವಲ್‌ಗೆ ಅರ್ಜಿ ಹಾಕಿದ್ದಾರಾ, ತಂಡ ಬಂದು ನೋಡಿ ಹೋಗಿದ್ದಾರಾ ಅಂತ ಕೇಳಿ, ಉತ್ರವನ್ನು ಬಾಯಿಮಾತಲ್ಲಿ ಬಿಡದೆ ಇಮೇಲಲ್ಲಿ ತರಿಸ್ಕೊಳ್ಳಿ, ಸೀಟ್ ಬುಕ್ ಮಾಡುದು ಅದಾದ ಮೇಲೆ.