ಬ್ಯಾಟ್ರಿ ಬಿಚ್ಚಿದ ಮ್ಯಾಲ ಕಾರಿನ ಗ್ಲಾಸ್ ಏರವಲ್ದಾ? ಮೋಟಾರ್ ಬದಲಿ ಮಾಡಬ್ಯಾಡ್ರಿ, ಮೊದಲ ಇದು ಮಾಡ್ರಿ

ಬ್ಯಾಸಿಗಿ ಬಂತಂದ್ರ ನಮ್ಮ ಕಲಬುರಗಿದಾಗ ಬ್ಯಾಟ್ರಿ ಡೌನ್ ಆಗೋದು ಮಾಮೂಲಿ. ಹೊಸಾದು ಹಾಕಿಸ್ಕೊಂಡು ಮನಿಗಿ ಬಂದ್ರ ಡ್ರೈವರ್ ಬಾಜೂದ ಗ್ಲಾಸ್ ಒಂದೇ ಸಲ ಸ್ವಿಚ್ ಎಳೆದ್ರ ಪೂರಾ ಏರವಲ್ದು, ತುಸು ಏರಿ ನಿಂದರ್ತದ, ಇಲ್ಲಾ ಮ್ಯಾಲ ಮುಟ್ಟಿ ವಾಪಸ್ ಇಳೀತದ. ಮಂದಿ ಅಷ್ಟಕ್ಕೇ ಮೋಟಾರ್ ಹೋಯ್ತು ಅಂತ ರೊಕ್ಕ ಸುರಿತಾರ. ಮೋಟಾರಿಗೇನೂ ಆಗಿರಲ್ಲ, ಗ್ಲಾಸಿನ ಮ್ಯಾಲಿನ ಕೊನಿ ಎಲ್ಲದ ಅನ್ನೋ ಲೆಕ್ಕ ಅದು ಮರ್ತದ ಅಷ್ಟೇ. ಡೋರಿನ ಗ್ಲಾಸ್, ಇಲ್ಲಾ ಅದನ್ನ ಏರಿಸಿ ಇಳಸೋ ರೆಗ್ಯುಲೇಟರ್ ರಿಪೇರಿ ಮಾಡಿಸಿದ್ರೂ ಹಿಂಗೇ ಆಗ್ತದ.

ಬ್ಯಾಟ್ರಿ ಟರ್ಮಿನಲ್ ಟೈಟ್ ಅದಾವೇನು ನೋಡ್ರಿ, ಡೋರ್ ಎಲ್ಲಾ ಹಾಕ್ರಿ, ವಿಂಡೋ ಲಾಕ್ ಬಟನ್ ಆಫ್ ಮಾಡ್ರಿ, ಇಂಜಿನ್ ಚಾಲೂ ಮಾಡ್ರಿ. ಬರೇ ಇಗ್ನಿಷನ್ ಆನ್ ಮಾಡಿದ್ರೂ ನಡೀತದ, ಆದ್ರ ನಾ ಅಂತೂ ಇಂಜಿನ್ ಚಾಲೂ ಇಟ್ಟೇ ಮಾಡ್ರಿ ಅಂತೀನಿ, ಕರೆಂಟ್ ಕಡಿಮಿ ಬಿದ್ರ ಮತ್ತ ಮೊದಲಿಂದ ಮಾಡಬೇಕಾಗ್ತದ.

ಗ್ಲಾಸ್ ಪೂರಾ ತೆಳಗ ಇಳಸ್ರಿ, ಇಳಿದ ಮ್ಯಾಲೂ ಸ್ವಿಚ್ ಒಂದೆರಡು ಸೆಕೆಂಡ್ ಒತ್ತೇ ಹಿಡೀರಿ.

ಈಗ ಬಂತು ನೋಡ್ರಿ ಎಲ್ರೂ ಕೆಡಸೋ ಜಾಗ. ಸ್ವಿಚ್ ಮ್ಯಾಲಕ್ಕ ಎಳದು ಹಿಡೀರಿ, ನಡುವ ಬೆರಳು ಬಿಡಬ್ಯಾಡ್ರಿ. ಗ್ಲಾಸ್ ಹೋಗಿ ರಬ್ಬರಿಗಿ ಕಚ್ಚಿ ಟಕ್ ಅಂತ ನಿಂತ ಕೂಡ್ಲೇ ಮಂದಿ ‘ಆಯ್ತು’ ಅಂತ ಬಿಟ್ಟುಬಿಡ್ತಾರ, ಅಲ್ಲೇ ಎಡವೋದು. ನಿಂತ ಮ್ಯಾಲ ಇನ್ನೂ ಐದು ಸೆಕೆಂಡ್ ಹಂಗೇ ಎಳದು ಹಿಡಕೋಬೇಕು, ಮೋಟಾರಿಗಿ ‘ಇದೇ ಕೊನಿ’ ಅಂತ ಗೊತ್ತಾಗೋದೇ ಆ ಟೈಮಿನ್ಯಾಗ. ಕೆಲವು ಗಾಡಿದಾಗ ಸ್ವಿಚ್ಚಿನ ಲೈಟ್ ಮಿಣಮಿಣ ಅನ್ನೋದು ನಿಂದರ್ತದ, ಕೆಲವದ್ರಾಗ ಏನೂ ಗೊತ್ತಾಗಲ್ಲ. ಕೆಲವು ಕಂಪನಿದು ಎರಡು ಸಲ ಮಾಡಬೇಕಾಗ್ತದ, ಗಾಡಿ ಜತಿ ಬಂದ ಬುಕ್ಕಿನ್ಯಾಗ ಬರ್ದಿರ್ತಾರ, ಅದನ್ನ ಓದ್ರಿ, ಯೂಟ್ಯೂಬಿನ್ಯಾಗ ಬ್ಯಾರೆ ಮಾಡೆಲ್ ನೋಡಿ ತೆಲಿ ಕೆಡಿಸ್ಕೋಬ್ಯಾಡ್ರಿ. ಈ ಹೊತ್ತಿನ್ಯಾಗ ಕೈ ಸಿಕ್ರ ಗ್ಲಾಸ್ ತಾನಾಗೇ ವಾಪಸ್ ಇಳಿಯೋ ಸೇಫ್ಟಿ ಕೆಲಸ ಮಾಡದೇ ಇರಬಹುದು, ಹುಡುಗ್ರನ್ನ ದೂರ ಇಡ್ರಿ. ಆಮ್ಯಾಲ ಚೆಕ್ ಮಾಡೂಮುಂದೂ ಕೈ ಇಡಬ್ಯಾಡ್ರಿ, ಟವೆಲ್ ಸುತ್ತಿ ಇಟ್ಟು ನೋಡ್ರಿ.

ಹಿಂದಿನ ಡೋರಿಗೂ ಆಟೋ (ಸ್ವಿಚ್ ಒಂದೇ ಸಲ ಎಳೆದ್ರ ಗ್ಲಾಸ್ ಪೂರಾ ಏರೋದು) ಇದ್ರ ಆಯಾ ಡೋರಿನ ಸ್ವಿಚ್ಚಿಂದಲೇ ಮಾಡ್ರಿ, ಭಾಳ ಗಾಡಿದಾಗ ಡ್ರೈವರ್ ಸ್ವಿಚ್ಚಿಂದ ಮಾಡಿದ್ರ ಹಿಡಿಯಲ್ಲ. ಪದೇ ಪದೇ ಏರಿಸಿ ಇಳಿಸಿದ್ರ ಮೋಟಾರ್ ಬಿಸಿಯಾಗಿ ತಾನೇ ಬಂದ್ ಆಗ್ತದ, ಗಾಬರಿ ಆಗಬ್ಯಾಡ್ರಿ, ತಣ್ಣಗಾಗಲಿ ಬಿಡ್ರಿ.

ಇಷ್ಟಾದ್ರೂ ಏರಿದ್ದು ಇಳೀತದಂದ್ರ ಗ್ಲಾಸ್ ಓಡಾಡೋ ರಬ್ಬರಿನ ಸಂದಿ ನೋಡ್ರಿ. ಸೇಡಂ, ವಾಡಿ, ಶಹಾಬಾದ್ ಕಡಿ ಓಡೋ ಗಾಡಿಗಿ ಸಿಮೆಂಟ್, ಪರಶಿ ಕಲ್ಲಿನ ಧೂಳ ಅಲ್ಲೇ ಹೊಕ್ಕು ಕುಂತಿರ್ತದ, ಗ್ಲಾಸ್ ಬಿಗಿ ಆದ್ರ ಏನೋ ಅಡ್ಡ ಬಂದದ ಅಂತ ಮೋಟಾರ್ ವಾಪಸ್ ಇಳಸ್ತದ. ಒದ್ದಿ ಅರಿವಿಲೆ ಒರಸ್ರಿ, ಒಣಗಿದ ಮ್ಯಾಲ ಸಿಲಿಕಾನ್ ಸ್ಪ್ರೇ ಹೊಡೀರಿ. ಇಂಜಿನ್ ಆಯಿಲ್, ಗ್ರೀಸ್ ಹಚ್ಚೋರು ಅದಾರ, ದಯವಿಟ್ಟು ಬ್ಯಾಡ್ರಿ, ಧೂಳ ಇನ್ನಷ್ಟು ಅಂಟ್ತದ, ರಬ್ಬರೂ ಉಬ್ಬಿ ಹಾಳಾಗ್ತದ. ರಬ್ಬರ್ ಸೀಳಿತ್ತಂದ್ರ ಸ್ಪ್ರೇಕ್ಕ ರೊಕ್ಕ ಹಾಕದೇ ಹೊಸಾದೇ ಹಾಕಸ್ರಿ.

ಸ್ವಿಚ್ಚಿನ ಮ್ಯಾಲ ಆಟೋ ಅಂತ ಬರೀದೇ ಇದ್ದ ಹಳೀ ಗಾಡಿಗಿ ಇದ್ಯಾವುದೂ ಬೇಕಾಗಿಲ್ಲ, ಬ್ಯಾಟ್ರಿ ಬಿಚ್ಚಿದಾಗ ತಪ್ಪಿದ ಗಡಿಯಾರದ ಟೈಮ್ ಒಂದು ಸರಿ ಮಾಡ್ಕೊಂಡ್ರ ಸಾಕು.